ಗಾಳಿಗೆ ತಕ್ಕ ಬಾಡಿ, ಬಾಡಿಗೆ ತಕ್ಕ ಗೇರು

ಈ ಸಲ ಬಂದ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ಹಳೆಯ ಕಾರಿಗೆ ಮನೆಯಲ್ಲೇ ಗಾಳಿ ಸೀಳುವಂಥ ಬಾಡಿ ಕಟ್ಟುವುದು ಹೇಗೆ, ಗೇರ್‌ಬಾಕ್ಸ್ ಬದಲಿಸುವುದು ಹೇಗೆ ಅಂತ. ಎಲ್ಲವನ್ನೂ ಓದಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಒಬ್ಬರನ್ನು ಬಿಟ್ಟರೆ, ಬಾಡಿ ಬಗ್ಗೆ ಕೇಳಿದವರು ಗೇರಿನ ಸುದ್ದಿ ಎತ್ತಿಲ್ಲ, ಗೇರ್ ಬಗ್ಗೆ ಕೇಳಿದವರು ಬಾಡಿಯ ಸುದ್ದಿ ಎತ್ತಿಲ್ಲ. ನನ್ನ ಪ್ರಕಾರ ಇವೆರಡೂ ಬೇರೆ ಬೇರೆ ಕೆಲಸಗಳೇ ಅಲ್ಲ. ಒಂದನ್ನು ಮುಟ್ಟಿದರೆ ಇನ್ನೊಂದನ್ನೂ ಮುಟ್ಟಲೇಬೇಕು. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನನ್ನ ಹತ್ತಿರ 1930ರ ಆಸುಪಾಸಿನ ಸಣ್ಣ ಓಪನ್ ಕಾರಿದೆ. ನಾಲ್ಕು ಸಿಲಿಂಡರ್, ಸುಮಾರು 20 ಅಶ್ವಶಕ್ತಿ. ಗಂಟೆಗೆ 80 ಕಿ.ಮೀ. ದಾಟಲು ಒದ್ದಾಡುತ್ತದೆ. ದೋಣಿಯಂಥ ಚೂಪು ಬಾಲದ ಬಾಡಿ ಕಟ್ಟಿದರೆ 100 ಮುಟ್ಟುತ್ತದೆಯೇ?

ಉತ್ತರ: ಮುಟ್ಟಬಹುದು. ಆದರೆ ಬಾಡಿಯೊಂದರಿಂದಲೇ ಅಲ್ಲ.

ಲೆಕ್ಕ ಹಾಕಿ ನೋಡೋಣ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋಗುವುದು ಅಂದರೆ ವೇಗ ಕಾಲು ಭಾಗ ಜಾಸ್ತಿ, ಅಷ್ಟೇ ಅಲ್ವಾ? ಶಕ್ತಿ ಮಾತ್ರ ಹೆಚ್ಚುಕಮ್ಮಿ ಎರಡು ಪಟ್ಟು ಬೇಕು. ನೆಟ್ಟಗೆ ನಿಂತ ವಿಂಡ್‌ಸ್ಕ್ರೀನ್, ಹೊರಗೆ ಚಾಚಿದ ಮಡ್‌ಗಾರ್ಡ್, ದೊಡ್ಡ ಹೆಡ್‌ಲೈಟುಗಳಿರುವ ಹಳೆ ಓಪನ್ ಕಾರಿನ ತಡೆ ಗುಣಾಂಕ (ಆಕಾರ ಗಾಳಿಯನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ, ಕಮ್ಮಿ ಇದ್ದಷ್ಟೂ ಒಳ್ಳೆಯದು) 0.8, ಎದುರಿನಿಂದ ಕಾಣುವ ವಿಸ್ತೀರ್ಣ 1.6 ಚದರ ಮೀಟರ್ ಅಂತ ಇಟ್ಟುಕೊಳ್ಳಿ. 80ರಲ್ಲಿ ಬರೀ ಗಾಳಿಗೆ ಸುಮಾರು 11 ಅಶ್ವಶಕ್ತಿ ಹೋಗುತ್ತದೆ. 100ರಲ್ಲಿ 22. ನಿಮ್ಮ ಇಂಜಿನ್ನಿನಲ್ಲಿ ಇರುವುದೇ 20. ಟೈರು, ಗೇರು, ಬೇರಿಂಗುಗಳು ತಿನ್ನುವ ಪಾಲು ಬೇರೆ ಇದೆ. ಕಾರು ಯಾಕೆ ಒದ್ದಾಡುತ್ತದೆ ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ.

ಈಗ ನೀವು ತಗ್ಗಾದ, ಕಿರಿದಾದ ಬಾಡಿ ಕಟ್ಟಿ ಗುಣಾಂಕವನ್ನು 0.5ಕ್ಕೆ, ವಿಸ್ತೀರ್ಣವನ್ನು 1.2 ಚದರ ಮೀಟರಿಗೆ ಇಳಿಸಿದಿರಿ ಅನ್ನಿ. ಆಗ 100ರಲ್ಲಿ ಗಾಳಿಗೆ ಬೇಕಾಗುವುದು ಹತ್ತೂವರೆ ಅಶ್ವಶಕ್ತಿಯ ಹತ್ತಿರ. ಉಳಿದ ಸೋರಿಕೆಯನ್ನೆಲ್ಲ ಸೇರಿಸಿದರೂ 17ರ ಒಳಗೆ ಕೆಲಸ ಮುಗಿಯುತ್ತದೆ. ಕಾಗದದ ಮೇಲೆ ನೀವು ಗೆದ್ದಿರಿ.

ತೊಡಕು ಇನ್ನು ಮುಂದಿದೆ. 26 ಇಂಚಿನ ಟೈರು ಒಂದು ಸುತ್ತಿಗೆ 2.07 ಮೀಟರ್ ಹೋಗುತ್ತದೆ. ಹಿಂದಿನ ಆಕ್ಸಲ್ ಅನುಪಾತ 4.9 ಇದ್ದರೆ, ಅಂದರೆ ಟಾಪ್ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಇಂಜಿನ್ 4.9 ಸುತ್ತು ತಿರುಗುವುದಾದರೆ, ನಿಮಿಷಕ್ಕೆ 3000 ಸುತ್ತಿನಲ್ಲಿ ಕಾರು 76 ಕಿ.ಮೀ. ವೇಗದಲ್ಲಿರುತ್ತದೆ. 100 ಬೇಕು ಅಂದರೆ ಇಂಜಿನ್ 3900 ದಾಟಿ ತಿರುಗಬೇಕು. ಆ ಕಾಲದ ಸಣ್ಣ ಇಂಜಿನ್ನುಗಳಲ್ಲಿ ಎಷ್ಟೋ ಇಂಜಿನ್ನುಗಳ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟು) ಎರಡೇ ಬೇರಿಂಗ್ ಮೇಲೆ ನಿಂತಿದೆ. ಜಾಸ್ತಿ ತಿರುಗಿಸಿದರೆ ಅದು ನಡುವೆ ಬಾಗುತ್ತದೆ, ಒಂದು ದಿನ ತುಂಡಾಗುತ್ತದೆ. ಒಳ್ಳೆ ಬಾಡಿ ಕಟ್ಟಿದವರ ಇಂಜಿನ್ನೇ ಬೇಗ ಹಾಳಾಗುವುದು ಹೀಗೆ. ಮೊದಲು ಗಾಳಿಯೇ ವೇಗಕ್ಕೆ ಕಡಿವಾಣ ಹಾಕಿ ಇಂಜಿನ್ನನ್ನು ಕಾಯುತ್ತಿತ್ತು, ಈಗ ಆ ಕಡಿವಾಣವೇ ಇಲ್ಲ. ಆಕ್ಸಲ್ ಅನುಪಾತವನ್ನು 4.2ರ ಸುತ್ತ ತಂದರೆ 100 ಕಿ.ಮೀ. ವೇಗ 3400 ಸುತ್ತಿನಲ್ಲೇ ಸಿಗುತ್ತದೆ. ಬಾಡಿಯ ಚಿತ್ರ ಬರೆಯುವ ದಿನವೇ ಈ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಬರೆಯಿರಿ.

ಇದನ್ನೇ ತಿರುಗಿಸಿ ಹೇಳಿದರೂ ನಿಜ. ಹಳೆ ಚೌಕಾಕಾರದ ಬಾಡಿ ಹಾಗೇ ಬಿಟ್ಟು ಸುಮ್ನೆ ಆಕ್ಸಲ್ ಮಾತ್ರ ಬದಲಿಸಿದರೆ ಟಾಪ್ ಗೇರಿನಲ್ಲಿ ಕಾರು ಎಳೆಯುವುದೇ ಇಲ್ಲ. ಸ್ವಲ್ಪ ಏರು ಬಂದರೂ ಗೇರ್ ಇಳಿಸಬೇಕಾಗುತ್ತದೆ.

ಪ್ರಶ್ನೆ: ಮೂತಿ ಬಾಣದ ತುದಿಯಂತೆ ಚೂಪಾಗಿರಬೇಕು, ಹಿಂಭಾಗ ಹೇಗಿದ್ದರೂ ನಡೆಯುತ್ತದೆ ಅಂತ ಗೆಳೆಯರೊಬ್ಬರು ಹೇಳುತ್ತಾರೆ. ನಿಜವೇ?

ಉತ್ತರ: ಅಲ್ಲ, ಇದು ಪೂರ್ತಿ ತಲೆಕೆಳಗು. ಬೀಳುವ ನೀರಿನ ಹನಿಯನ್ನು ನಾವು ಚಿತ್ರದಲ್ಲಿ ಬರೆಯುವ ರೀತಿ ನೆನಪು ಮಾಡಿಕೊಳ್ಳಿ. ದುಂಡು ಭಾಗ ಮುಂದೆ, ಚೂಪು ಭಾಗ ಹಿಂದೆ. ಗಾಳಿಗೆ ಬೇಕಾದ ಆಕಾರ ಅದು. ದುಂಡಗಿನ ಮೂತಿಯ ಸುತ್ತ ಗಾಳಿ ಸಲೀಸಾಗಿ ಹರಡಿಕೊಳ್ಳುತ್ತದೆ. ಕಷ್ಟ ಇರುವುದು ಹಿಂದೆ, ಅದನ್ನು ಮತ್ತೆ ಒಂದುಗೂಡಿಸುವಲ್ಲಿ. ಬಾಲ ತಟ್ಟನೆ ಮುಗಿದರೆ ಗಾಳಿ ಬಾಡಿಯಿಂದ ಕಳಚಿಕೊಂಡು ಸುಳಿಯಾಗುತ್ತದೆ, ಆ ಸುಳಿ ಕಾರನ್ನು ಹಿಂದಕ್ಕೆ ಜಗ್ಗುತ್ತದೆ.

ಮೊದಮೊದಲು ದೊಡ್ಡವರೂ ಇಲ್ಲಿ ಎಡವಿದ್ದಾರೆ. ಬೆಲ್ಜಿಯಂನ ಕಾಮಿಲ್ ಜೆನಾಟ್ಸಿ 1899ರ ಏಪ್ರಿಲ್ 29ರಂದು ಟಾರ್ಪಿಡೋ ಆಕಾರದ ಎಲೆಕ್ಟ್ರಿಕ್ ಕಾರಿನಲ್ಲಿ ಗಂಟೆಗೆ 105.88 ಕಿ.ಮೀ. ಓಡಿಸಿ, 100 ದಾಟಿದ ಮೊದಲ ಚಾಲಕ ಅನ್ನಿಸಿಕೊಂಡರು. ಬಾಡಿ ಚೆನ್ನಾಗಿಯೇ ಇತ್ತು. ಆದರೆ ಚಕ್ರ, ಆಕ್ಸಲ್ ಎಲ್ಲ ಕೆಳಗೆ ಬತ್ತಲಾಗಿದ್ದವು, ಚಾಲಕ ಸೊಂಟದಿಂದ ಮೇಲೆ ಹೊರಗೇ ಕೂತಿದ್ದರು. ಬಾಡಿ ಉಳಿಸಿದ್ದನ್ನು ಇವು ಕಳೆದವು. ನಿಮ್ಮ ಕಾರಿನಲ್ಲೂ ಇದನ್ನೇ ಮೊದಲು ನೋಡಿ. ನುಣುಪಾದ ಬಾಲ ಕಟ್ಟಿ, ಮುಂದೆ ಹೆಡ್‌ಲೈಟು, ಆಕ್ಸಲ್ಲು, ಸ್ಪ್ರಿಂಗುಗಳನ್ನು ಹಾಗೇ ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ.

ಸರಿಯಾಗಿ ಮಾಡಿದವರೂ ಇದ್ದಾರೆ. ಜರ್ಮನಿಯಲ್ಲಿ ಎಡ್ಮಂಡ್ ರುಂಪ್ಲರ್ 1921ರಲ್ಲಿ ತೋರಿಸಿದ 'ಟ್ರಾಪ್‌ಫೆನ್‌ವಾಗನ್' ಅಂದರೆ ಹನಿ ಕಾರು. ಅದನ್ನು 1979ರಲ್ಲಿ ಫೋಕ್ಸ್‌ವಾಗನ್‌ನವರು ತಮ್ಮ ಗಾಳಿ ಸುರಂಗದಲ್ಲಿಟ್ಟು ಅಳೆದಾಗ ಗುಣಾಂಕ 0.28 ಬಂತು. ಇಂದಿನ ಎಷ್ಟೋ ಕಾರುಗಳು ಅದಕ್ಕಿಂತ ಹಿಂದಿವೆ. ಆ ಅಂಕಿ ನೋಡಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ಹಾಗಾದರೆ ಬಾಲ ಎಷ್ಟು ಉದ್ದ ಇರಬೇಕು? ಪಕ್ಕದ ಗೆರೆ ಒಳಗೆ ವಾಲುವ ಕೋನ ಸುಮಾರು 10 ಡಿಗ್ರಿ ಮೀರದಂತೆ ನೋಡಿಕೊಳ್ಳಿ. ಮೀರಿದರೆ ಗಾಳಿ ಕಳಚಿಕೊಳ್ಳುವ ಅಪಾಯ. ಇಲ್ಲೇ ಒಂದು ಪೇಚು ಇದೆ. 1.2 ಮೀಟರ್ ಅಗಲದ ಬಾಡಿಯನ್ನು 10 ಡಿಗ್ರಿಯಲ್ಲಿ ಪೂರ್ತಿ ಚೂಪಿಗೆ ತರಬೇಕಾದರೆ ಬಾಲವೇ 3.4 ಮೀಟರ್ ಆಗುತ್ತದೆ! ಯಾರೂ ಅಷ್ಟು ಉದ್ದ ಕಟ್ಟಲಾರರು. ಆದ್ದರಿಂದ ಜನ ಕೋನವನ್ನು 20, 25ಕ್ಕೆ ಏರಿಸಿ ಬೇಗ ಚೂಪು ಮಾಡುತ್ತಾರೆ. ನೋಡಲು ಚೆನ್ನ, ಆದರೆ ಗಾಳಿ ಅದನ್ನು ಒಪ್ಪುವುದಿಲ್ಲ. ಇದಕ್ಕಿಂತ 10 ಡಿಗ್ರಿಯಲ್ಲೇ 1.2 ಮೀಟರ್ ಹೋಗಿ, ಅಗಲ 0.78 ಮೀಟರಿಗೆ ಇಳಿದಲ್ಲಿ ನೇರವಾಗಿ ಕತ್ತರಿಸಿಬಿಡುವುದು ಮೇಲು. ಜರ್ಮನಿಯ ವುನಿಬಾಲ್ಡ್ ಕಾಮ್ 1930ರ ದಶಕದಲ್ಲಿ ಇಂಥ ಕತ್ತರಿಸಿದ ಬಾಲದ ಮೇಲೆ ಕೆಲಸ ಮಾಡಿದರು, ಅದಕ್ಕೆ ಕಾಮ್ ಬಾಲ ಅಂತಲೇ ಹೆಸರು. ಉದ್ದ ಕಮ್ಮಿ, ತೂಕ ಕಮ್ಮಿ, ಲಾಭ ಹೆಚ್ಚುಕಮ್ಮಿ ಅಷ್ಟೇ. ದೋಣಿ ಬಾಲದ ಅಂದ ನನಗೂ ಇಷ್ಟ. ಅಂದಕ್ಕಾಗಿ ಕಟ್ಟುವುದಾದರೆ ಖಂಡಿತ ಕಟ್ಟಿ, ವೇಗಕ್ಕಾಗಿ ಕಟ್ಟುತ್ತಿದ್ದೇನೆ ಅಂತ ಮಾತ್ರ ಅಂದುಕೊಳ್ಳಬೇಡಿ.

ಪ್ರಶ್ನೆ: ಶೀಟ್ ಮೆಟಲ್ ಕೆಲಸ ಗೊತ್ತಿಲ್ಲ. ಬಡಗಿ ಕೆಲಸ ಸ್ವಲ್ಪ ಬರುತ್ತದೆ. ಬಾಡಿಯನ್ನು ಯಾವುದರಲ್ಲಿ ಕಟ್ಟಲಿ?

ಉತ್ತರ: ಬಡಗಿ ಕೆಲಸ ಬರುತ್ತದೆ ಅಂದರೆ ಅರ್ಧ ದಾರಿ ದಾಟಿದ್ದೀರಿ. ಆ ಕಾಲದ ಬಾಡಿಗಳ ಒಳಗೆ ಇದ್ದದ್ದು ಮರದ ಚೌಕಟ್ಟೇ. ಸಾಮಾನ್ಯವಾಗಿ ಆಷ್ ಮರ, ಯಾಕೆಂದರೆ ಅದು ಬಾಗುತ್ತದೆ, ಬೇಗ ಸೀಳುವುದಿಲ್ಲ.

ಮೂರು ದಾರಿ ಇವೆ. ನಿಮಗೆ ನಾನು ಹೇಳುವುದು ಬಟ್ಟೆಯ ಬಾಡಿ. 1920ರ ದಶಕದಲ್ಲಿ ವೇಮನ್ ಪದ್ಧತಿ ಅಂತ ಹೆಸರಾಗಿತ್ತು. ಮರದ ತುಂಡುಗಳು ಒಂದಕ್ಕೊಂದು ತಾಗದ ಹಾಗೆ ನಡುವೆ ಸಣ್ಣ ಸಂದು ಬಿಟ್ಟು ಲೋಹದ ಪಟ್ಟಿಗಳಿಂದ ಜೋಡಿಸುತ್ತಾರೆ, ಮೇಲೆ ಬಟ್ಟೆ ಬಿಗಿಯುತ್ತಾರೆ. ಚಾಸಿ (ಬಾಡಿಯ ಕೆಳಗಿನ ಲೋಹದ ಚೌಕಟ್ಟು) ತಿರುಚಿಕೊಂಡರೆ ಬಾಡಿಯೂ ಅದರ ಜೊತೆ ಮಿದುವಾಗಿ ತಿರುಚಿಕೊಳ್ಳುತ್ತದೆ. ಕಿರಕಿರ ಸದ್ದಿಲ್ಲ, ತೂಕ ತುಂಬಾ ಕಮ್ಮಿ. ಎರಡು ಕಡೆಗೂ ಬಾಗಿದ ಉಬ್ಬು ಆಕಾರ ಮಾತ್ರ ಬಟ್ಟೆಯಲ್ಲಿ ಕಷ್ಟ. ಎರಡನೆಯದು ಪ್ಲೈವುಡ್ಡು. ಒಂದೇ ಕಡೆ ಬಾಗುವ ಆಕಾರಕ್ಕೆ ಚೆನ್ನಾಗಿ ಒಪ್ಪುತ್ತದೆ, ದೋಣಿ ಬಾಲ ಕಟ್ಟಲು ಅಷ್ಟು ಸಾಕು. ಮೂರನೆಯದು ಅಲ್ಯೂಮಿನಿಯಂ ಶೀಟು, 1.2 ಮಿ.ಮೀ. ದಪ್ಪದ ಮೆತ್ತನೆಯ ಜಾತಿ.

ಅಲ್ಯೂಮಿನಿಯಂ ಅಂದರೆ ಹೆದರಬೇಡಿ. ಮೊದಲು ಪ್ಲೈವುಡ್ ಅಡ್ಡ ಹಲಗೆಗಳಿಂದ ಬಾಡಿಯ ಅಸ್ಥಿಪಂಜರದಂಥ ಅಚ್ಚು ಮಾಡಿಕೊಳ್ಳಿ. ಅದರ ಮೇಲೆ ರಟ್ಟು ಹೊದಿಸಿ ಕತ್ತರಿಸಿ ನಮೂನೆ ತೆಗೆಯಿರಿ, ಆಮೇಲೆ ಶೀಟಿಗೆ ಕೈ ಹಾಕಿ. ಉಬ್ಬು ಬೇಕಾದ ಕಡೆ ಮರಳಿನ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿಯಬೇಕು. ಬಡಿದ ಹಾಗೆ ಶೀಟು ಗಡುಸಾಗುತ್ತದೆ. ಆಗ ಬಟ್ಟೆ ಸೋಪನ್ನು ಅದರ ಮೇಲೆ ಉಜ್ಜಿ, ಬೆಂಕಿಯ ಜ್ವಾಲೆಯನ್ನು ಮೆಲ್ಲಗೆ ಆಡಿಸಿ. ಸೋಪಿನ ಗುರುತು ಕಂದಾಗಿ ಕಪ್ಪಿಗೆ ತಿರುಗಿದ ಕೂಡಲೇ ಬೆಂಕಿ ತೆಗೆಯಿರಿ, ಲೋಹ ಮತ್ತೆ ಮೆತ್ತಗಾಗಿರುತ್ತದೆ. ಇನ್ನೊಂದು ಕ್ಷಣ ಹಿಡಿದರೆ ತೂತು ಬೀಳಬಹುದು, ಯಾಕೆಂದರೆ ಅಲ್ಯೂಮಿನಿಯಂ ಕರಗುವ ಮೊದಲು ಕಬ್ಬಿಣದ ಹಾಗೆ ಕೆಂಪಾಗಿ ಸೂಚನೆ ಕೊಡುವುದಿಲ್ಲ. ಇನ್ನೊಂದು ಎಚ್ಚರಿಕೆ: ಅಲ್ಯೂಮಿನಿಯಂ ನೇರವಾಗಿ ಕಬ್ಬಿಣಕ್ಕೆ ತಾಗಬಾರದು. ನೀರು ಬಿದ್ದರೆ ಎರಡರ ನಡುವೆ ಬ್ಯಾಟರಿಯಂತೆ ಕರೆಂಟ್ ಹುಟ್ಟಿ ಅಲ್ಯೂಮಿನಿಯಂ ಪುಡಿಯಾಗುತ್ತದೆ. ನಡುವೆ ರಬ್ಬರ್ ಅಥವಾ ಬಣ್ಣ ಬಳಿದ ಬಟ್ಟೆಯ ಪಟ್ಟಿ ಇರಲಿ.

ಯಾವುದರಲ್ಲೇ ಕಟ್ಟಿ, ಚಾಸಿಗೆ ಬಿಗಿಯುವ ರೀತಿಯಲ್ಲಿ ಜಾಣತನ ಇರಲಿ. ನಾನು ಮೊದಲ ಸಲ ಬಾಡಿಯನ್ನು ಎಂಟು ಕಡೆ ಗಟ್ಟಿಯಾಗಿ ಬೋಲ್ಟ್ ಹಾಕಿ ಕೂರಿಸಿದ್ದೆ, ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡು. ಕೆಲವೇ ತಿಂಗಳಲ್ಲಿ ಬಾಗಿಲ ಮೂಲೆಗಳಲ್ಲಿ ಬಿರುಕು ಬಿಟ್ಟಿತು. ಹಳೆ ಚಾಸಿ ಏಣಿಯ ಹಾಗೆ, ಪ್ರತಿ ಗುಂಡಿಗೂ ತಿರುಚಿಕೊಳ್ಳುತ್ತದೆ. ಮೂರು ಅಥವಾ ನಾಲ್ಕು ಕಡೆ ರಬ್ಬರ್ ಮೇಲೆ ಕೂರಿಸಿದ ಮೇಲೆ ಆ ತೊಂದರೆ ನಿಂತಿತು. ಸ್ಟೂಲಿಗೆ ಮೂರು ಕಾಲಿದ್ದರೆ ಎಂಥ ನೆಲದಲ್ಲೂ ಅಲ್ಲಾಡುವುದಿಲ್ಲ ಅಲ್ವಾ, ಇಲ್ಲಿಯೂ ಅದೇ ತತ್ವ.

ಪ್ರಶ್ನೆ: ರೇಡಿಯೇಟರ್ ಮುಂದೆ ದುಂಡಗಿನ ಮುಚ್ಚಿಗೆ, ಕೆಳಗೆ ನುಣುಪು ತಳ ಹಾಕಿದ್ದೇನೆ. ಈಗ ನೀರು ಕುದಿಯುತ್ತದೆ. ಮುಂದಿನ ತೂತು ದೊಡ್ಡದು ಮಾಡಲೇ?

ಉತ್ತರ: ಬೇಡ. ಗಾಳಿ ಹೊರಗೆ ಹೋಗುವ ದಾರಿ ದೊಡ್ಡದು ಮಾಡಿ. ಮೊದಲು ಬಿಸಿ ಗಾಳಿ ಇಂಜಿನ್ನಿನ ಕೆಳಗಿನಿಂದ ಹೋಗುತ್ತಿತ್ತು, ತಳ ಹಾಕಿ ನೀವು ಅದನ್ನು ಮುಚ್ಚಿದಿರಿ. ಒಳಗೆ ಬಂದ ಗಾಳಿಗೆ ಹೋಗಲು ಜಾಗ ಇಲ್ಲದಿದ್ದರೆ ಮುಂದೆ ಎಷ್ಟು ದೊಡ್ಡ ತೂತು ಮಾಡಿದರೂ ಅದು ಹೊರಗಡೆಯೇ ಸುತ್ತಿ ಹೋಗುತ್ತದೆ. ಬಾನೆಟ್ಟಿನ ಎರಡೂ ಪಕ್ಕ ಹಿಂದಕ್ಕೆ ಬಾಯಿ ತೆರೆದ ಸೀಳುಗಳನ್ನು ಕೊಡಿ. ರೇಡಿಯೇಟರ್ ಮತ್ತು ಮುಚ್ಚಿಗೆಯ ನಡುವಿನ ಸಂದುಗಳನ್ನು ರಬ್ಬರಿನಿಂದ ಮುಚ್ಚಿ, ಬಂದ ಗಾಳಿಯೆಲ್ಲ ರೇಡಿಯೇಟರ್ ಒಳಗಿನಿಂದಲೇ ಹೋಗಲಿ.

ತಳದ ಬಗ್ಗೆ ಇನ್ನೊಂದು ಮಾತು. ಹಳೆ ಇಂಜಿನ್ನು, ಗೇರ್‌ಬಾಕ್ಸು ಆಯಿಲ್ ಸೋರದೆ ಇರುವುದಿಲ್ಲ. ತಳದಲ್ಲಿ ಆಯಿಲ್, ಪೆಟ್ರೋಲ್ ನಿಂತರೆ ಅದು ಬೆಂಕಿಗೆ ಕರೆ ಕೊಟ್ಟಂತೆ. ಅಲ್ಲಲ್ಲಿ ಹರಿದುಹೋಗುವ ತೂತು ಇರಲಿ. ನಾಲ್ಕು ಸ್ಕ್ರೂ ತೆಗೆದರೆ ತಳ ಕೈಗೆ ಬರುವಂತಿರಲಿ.

ಪ್ರಶ್ನೆ: ನನ್ನ ಕಾರಿನಲ್ಲಿ ಮೂರು ಗೇರ್. ಎರಡನೆಯದರಲ್ಲಿ ಇಂಜಿನ್ ಅರಚುತ್ತದೆ, ಟಾಪ್‌ಗೆ ಹಾಕಿದರೆ ಸತ್ತ ಹಾಗೆ ಆಗುತ್ತದೆ. ಇಂಜಿನ್ ಬಲ ಹೆಚ್ಚಿಸಬೇಕೇ?

ಉತ್ತರ: ಇಂಜಿನ್ ಮುಟ್ಟಬೇಡಿ. ಇದು ಗೇರುಗಳ ನಡುವಿನ ಅಂತರದ ತೊಂದರೆ.

ಉದಾಹರಣೆಗೆ ಮೂರು ಗೇರುಗಳ ಅನುಪಾತ 3.2, 1.8, 1 ಅಂತಿರಲಿ. ಎರಡನೆಯದರಲ್ಲಿ 3400 ಸುತ್ತಿನವರೆಗೆ ಎಳೆದು ಟಾಪ್‌ಗೆ ಹಾಕಿದರೆ ಇಂಜಿನ್ 1890ಕ್ಕೆ ಬೀಳುತ್ತದೆ. ಅಷ್ಟು ಕೆಳಗೆ ಅದರ ಹತ್ತಿರ ಶಕ್ತಿಯೇ ಇರುವುದಿಲ್ಲ. ಏಣಿಯ ನಡುವಿನ ಮೆಟ್ಟಿಲು ಮುರಿದ ಹಾಗೆ. ಈಗ ನಾಲ್ಕು ಗೇರು, ಅನುಪಾತ 3.6, 2.2, 1.4, 1 ಅಂತಿಟ್ಟುಕೊಳ್ಳಿ. ಮೂರರಿಂದ ಟಾಪ್‌ಗೆ ಹಾಕಿದಾಗ ಇಂಜಿನ್ 2430ರಲ್ಲಿ ನಿಲ್ಲುತ್ತದೆ. ಅದೇ ಇಂಜಿನ್, ಆದರೆ ಬೇರೆ ಕಾರು ಓಡಿಸಿದ ಹಾಗೆ ಅನ್ನಿಸುತ್ತದೆ.

ಗಾಳಿ ಸೀಳುವ ಬಾಡಿ ಕಟ್ಟಿದವರಿಗೆ ಇದು ಇನ್ನೂ ಮುಖ್ಯ. ಮೇಲೆ ಹೇಳಿದಂತೆ ಆಕ್ಸಲ್ಲನ್ನು 4.9ರಿಂದ 4.2ಕ್ಕೆ ಬದಲಿಸಿದರೆ ಟಾಪ್ ಗೇರಿಗೆ ಅನುಕೂಲ, ಆದರೆ ಮೊದಲ ಗೇರೂ ಅದರ ಜೊತೆ ಭಾರವಾಗುತ್ತದೆ. 3.2ರ ಮೊದಲ ಗೇರಿನಲ್ಲಿ ಒಟ್ಟು ಅನುಪಾತ 15.7 ಇದ್ದದ್ದು 13.4ಕ್ಕೆ ಇಳಿಯುತ್ತದೆ. ಏರಿನಲ್ಲಿ ನಿಂತ ಕಾರನ್ನು ಹೊರಡಿಸುವಾಗ ಕ್ಲಚ್ ಸುಟ್ಟ ವಾಸನೆ ಬರುವುದು ಇದರಿಂದಲೇ. 3.6ರ ಮೊದಲ ಗೇರ್ ಇದ್ದರೆ ಒಟ್ಟು 15.1, ಹೆಚ್ಚುಕಮ್ಮಿ ಹಳೆಯ ಎಳೆತವೇ ಉಳಿಯುತ್ತದೆ.

ಇಂಗ್ಲೆಂಡಿನ ಸಣ್ಣ ಕಾರಾದ ಆಸ್ಟಿನ್ ಸೆವೆನ್ ಇಟ್ಟುಕೊಂಡವರಿಗೆ ಈ ಕೆಲಸ ಸುಲಭ. 1932ರವರೆಗೆ ಅದಕ್ಕೆ ಮೂರು ಗೇರ್, ಆಮೇಲೆ ನಾಲ್ಕು. ಅದೇ ಮನೆತನದ ಗೇರ್‌ಬಾಕ್ಸ್ ಆದ್ದರಿಂದ ಹೊಂದಿಸುವ ತಲೆನೋವು ಕಮ್ಮಿ. ನಾನು ಯಾವಾಗಲೂ ಹೇಳುವುದು ಇದೇ: ಮೊದಲು ನಿಮ್ಮ ಕಾರಿನ ಅಣ್ಣತಮ್ಮಂದಿರಲ್ಲಿ ಹುಡುಕಿ, ಆಮೇಲೆ ಪರರ ಮನೆಗೆ ಹೋಗಿ.

ಪ್ರಶ್ನೆ: ಹೊಸ ಕಾಲದ ಐದು ಗೇರಿನ ಬಾಕ್ಸನ್ನೇ ಹಾಕಿಬಿಟ್ಟರೆ ಹೇಗೆ? ಇಂಜಿನ್ನಿಗೂ ಬಾಕ್ಸಿಗೂ ನಡುವೆ ಒಂದು ಪ್ಲೇಟ್ ಇಟ್ಟರೆ ಸಾಕು ಅನ್ನುತ್ತಾರೆ.

ಉತ್ತರ: ಪ್ಲೇಟ್ ಇಡುವುದು ಸುಲಭದ ಭಾಗ. ಅದರ ಸುತ್ತ ಮೂರು ವಿಷಯ ಇವೆ.

ಒಂದು, ನಡು ಗೆರೆ. ಕ್ರ್ಯಾಂಕಿನ ನಡು ಮತ್ತು ಗೇರ್‌ಬಾಕ್ಸ್ ಶಾಫ್ಟಿನ ನಡು ಒಂದೇ ಗೆರೆಯಲ್ಲಿರಬೇಕು. ಡಯಲ್ ಗೇಜನ್ನು (ಸಣ್ಣ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಅಳತೆ ಉಪಕರಣ) ಕ್ರ್ಯಾಂಕಿನ ತುದಿಯ ಭಾರದ ಚಕ್ರವಾದ ಫ್ಲೈವೀಲಿಗೆ ಕಟ್ಟಿ ಕೈಯಿಂದ ತಿರುಗಿಸಿ ನೋಡಿ. ಮುಳ್ಳು ಒಂದು ಸುತ್ತಿನಲ್ಲಿ ಒಟ್ಟು 0.13 ಮಿ.ಮೀ.ಗಿಂತ ಜಾಸ್ತಿ ಓಡಬಾರದು. ಕಣ್ಣಳತೆಯಲ್ಲಿ ಕೂರಿಸಿದ ಬಾಕ್ಸು ಮೊದಲ ದಿನ ಚೆನ್ನಾಗಿಯೇ ಓಡುತ್ತದೆ, ಆಮೇಲೆ ಟಾಪ್ ಗೇರ್ ತಾನೇ ಕಳಚಿಕೊಳ್ಳಲು ಶುರುವಾಗುತ್ತದೆ, ಮುಂದಿನ ಬೇರಿಂಗ್ ಹೋಗುತ್ತದೆ. ಶಾಫ್ಟಿನ ತುದಿ ಫ್ಲೈವೀಲಿನ ನಡುವಿನ ಸಣ್ಣ ಬೇರಿಂಗಿನಲ್ಲಿ ಸರಿಯಾಗಿ ಕೂರುತ್ತದೆಯೇ ಅಂತಲೂ ಅಳೆಯಿರಿ. ಉದ್ದ ಕಮ್ಮಿಯಾದರೆ ಅದು ಗಾಳಿಯಲ್ಲಿ ನಿಂತಿರುತ್ತದೆ.

ಎರಡು, ಟಾರ್ಕ್ ಟ್ಯೂಬ್. ಇದನ್ನು ಮರೆತವರೇ ಜಾಸ್ತಿ. ಫೋರ್ಡ್ ಮಾಡೆಲ್ ಎ ಥರದ ಕಾರುಗಳಲ್ಲಿ ಪ್ರೊಪೆಲರ್ ಶಾಫ್ಟು (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ದಂಡ) ಒಂದು ಗಟ್ಟಿ ಕೊಳವೆಯೊಳಗೆ ಇರುತ್ತದೆ. ಚಕ್ರಗಳು ಕಾರನ್ನು ಮುಂದಕ್ಕೆ ನೂಕುವುದು ಆ ಕೊಳವೆಯ ಮೂಲಕ. ಹೊಸ ಬಾಕ್ಸಿಗಾಗಿ ಕೊಳವೆ ತೆಗೆದು ತೆರೆದ ಶಾಫ್ಟ್ ಹಾಕಿದರೆ ಹಿಂದಿನ ಆಕ್ಸಲ್ಲನ್ನು ಹಿಡಿದುಕೊಳ್ಳುವವರೇ ಇರುವುದಿಲ್ಲ. ಅಡ್ಡಡ್ಡ ಕೂತ ಒಂದೇ ಸ್ಪ್ರಿಂಗಿಗೆ ಆ ಕೆಲಸ ಆಗದು. ಆಕ್ಸಲ್ಲಿನಿಂದ ಚಾಸಿಗೆ ಗಟ್ಟಿ ತೋಳುಗಳನ್ನು ಕೊಡಲೇಬೇಕು, ಆಕ್ಸಲ್ ತಿರುಚಿಕೊಳ್ಳದಂತೆ ತಡೆಯುವುದೂ ಅವುಗಳದೇ ಕೆಲಸ. ಇದನ್ನು ನೀವೇ ಅಂದಾಜಿನಲ್ಲಿ ಮಾಡಬೇಡಿ, ಲೆಕ್ಕ ಬಲ್ಲವರಿಗೆ ತೋರಿಸಿ.

ಮೂರು, ಐದನೇ ಗೇರು. ಅದರ ಅನುಪಾತ ಸಾಮಾನ್ಯವಾಗಿ 0.8ರ ಸುತ್ತ ಇರುತ್ತದೆ. 4.9ರ ಆಕ್ಸಲ್ಲಿಗೆ ಅದು 3.9 ಆಯಿತು. ಚೌಕಾಕಾರದ ಹಳೆ ಬಾಡಿಯಲ್ಲಿ ಆ ಗೇರು ಇಳಿಜಾರಿಗೆ ಮಾತ್ರ ಉಪಯೋಗ. ತಗ್ಗಾದ ನುಣುಪು ಬಾಡಿ ಇದ್ದರೆ ಆಕ್ಸಲ್ ಮುಟ್ಟದೆಯೇ ನಿಮಗೆ ಬೇಕಾದ್ದು ಸಿಕ್ಕಿತು. ಮತ್ತೆ ಅದೇ ಮಾತಿಗೆ ಬಂದೆ ನೋಡಿ.

ಪ್ರಶ್ನೆ: ಸಿಂಕ್ರೋಮೆಶ್ ಇಲ್ಲದ ಬಾಕ್ಸಿನಲ್ಲಿ ಗೇರ್ ಇಳಿಸುವಾಗ ಪ್ರತಿ ಸಲ ಹಲ್ಲು ಕಡಿಯುವ ಸದ್ದು ಬರುತ್ತದೆ. ಬಾಕ್ಸ್ ಹೋಗಿದೆಯೇ?

ಉತ್ತರ: ಬಹುಶಃ ಇಲ್ಲ. ಗೇರುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೋಮೆಶ್ ಮೊದಲು ಬಂದದ್ದೇ 1928ರಲ್ಲಿ, ಕ್ಯಾಡಿಲಾಕ್ ಕಾರುಗಳಲ್ಲಿ. ಅದಕ್ಕಿಂತ ಹಿಂದಿನ ಬಾಕ್ಸುಗಳಲ್ಲಿ ಎರಡು ಗೇರುಗಳ ವೇಗವನ್ನು ಚಾಲಕರೇ ಹೊಂದಿಸಬೇಕು. ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ಬಿಡಿ. ಈಗ ಆಕ್ಸಲರೇಟರ್ ಸ್ವಲ್ಪ ಒತ್ತಿ ಇಂಜಿನ್ ಮೇಲಕ್ಕೆ ತನ್ನಿ. ಮತ್ತೆ ಕ್ಲಚ್ ಒತ್ತಿ, ಕೆಳಗಿನ ಗೇರಿಗೆ ಹಾಕಿ. ಎಷ್ಟು ಮೇಲಕ್ಕೆ ತರಬೇಕು ಅನ್ನುವುದು ಕಿವಿಗೆ ನಿಧಾನಕ್ಕೆ ತಿಳಿಯುತ್ತದೆ. ಸರಿಯಾಗಿ ಬಿದ್ದಾಗ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಹೋಗುತ್ತದೆ, ಆ ಖುಷಿಗಾಗಿಯೇ ಹಳೆ ಬಾಕ್ಸ್ ಉಳಿಸಿಕೊಂಡವರಿದ್ದಾರೆ. ನಾನೂ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಹಳೆ ಗೇರ್‌ಬಾಕ್ಸಿಗೆ ಯಾವ ಆಯಿಲ್?

ಉತ್ತರ: ಒಳಗೆ ಕಂಚಿನ ಬುಷ್ ಇದ್ದರೆ ಜಿಎಲ್-5 ದರ್ಜೆಯ ಗೇರ್ ಆಯಿಲ್ ಬೇಡ. ಅದರಲ್ಲಿರುವ ಗಂಧಕದ ರಾಸಾಯನಿಕ ಕಂಚನ್ನು ತಿನ್ನಬಹುದು. ಕಾರು ತಯಾರಾದ ಕಾಲದ ಕೈಪಿಡಿಯಲ್ಲಿ ಹೇಳಿದ ದಪ್ಪದ ಸಾದಾ ಮಿನರಲ್ ಆಯಿಲ್ ಸಾಕು.

ಪ್ರಶ್ನೆ: ಫೋರ್ಡ್ ಮಾಡೆಲ್ ಟಿ ಚಾಸಿಯ ಮೇಲೆ ರೇಸ್ ಕಾರಿನಂಥ ಬಾಡಿ ಕಟ್ಟುತ್ತಿದ್ದೇನೆ. ಅದರ ಎರಡೇ ಗೇರು ಸಾಲದು ಅಂತ ಹಿಂದೆ ಇನ್ನೊಂದು ಗೇರ್‌ಬಾಕ್ಸ್ ಸೇರಿಸುವ ಯೋಚನೆ ಇದೆ. ತೊಂದರೆ ಇದೆಯೇ?

ಉತ್ತರ: ಇದೆ, ಮತ್ತು ಅದು ಪ್ರಾಣಕ್ಕೆ ಬರುವಂಥದ್ದು. ದಯವಿಟ್ಟು ಪೂರ್ತಿ ಓದಿ.

ಯೋಚನೆ ಹೊಸದೇನಲ್ಲ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಮಾಡೆಲ್ ಟಿಗಳು ತಯಾರಾದವು. ಆ ಕಾಲದಲ್ಲೇ ಗೇರ್‌ಬಾಕ್ಸಿನ ಹಿಂದೆ ಕೂರಿಸುವ ವಾರ್‌ಫರ್ಡ್, ಆಕ್ಸಲ್ಲಿನೊಳಗೇ ಎರಡು ಗೇರ್ ಕೊಡುವ ರಕ್ಸ್‌ಟೆಲ್ ಎಲ್ಲ ಮಾರಾಟಕ್ಕಿದ್ದವು. ತುಂಬಾ ಜನ ಹಾಕಿಸಿಕೊಂಡರು, ಈಗಲೂ ಹಾಕುತ್ತಾರೆ.

ತೊಡಕು ಬ್ರೇಕಿನದು. ಮಾಡೆಲ್ ಟಿಯ ಕಾಲಿನ ಬ್ರೇಕು ಚಕ್ರಗಳಲ್ಲಿಲ್ಲ. ಅದು ಮೂಲ ಗೇರ್‌ಬಾಕ್ಸಿನೊಳಗಿನ ಡ್ರಮ್ಮನ್ನು ಹಿಡಿಯುತ್ತದೆ. ಅಲ್ಲಿಂದ ಶಾಫ್ಟಿನ ಮೂಲಕ ಹಿಂದಿನ ಚಕ್ರಗಳು ನಿಲ್ಲುತ್ತವೆ. ನೀವು ಅದರ ಹಿಂದೆ ಇನ್ನೊಂದು ಬಾಕ್ಸ್ ಸೇರಿಸಿದಿರಿ. ಇಳಿಜಾರಿನಲ್ಲಿ ಅದರ ಗೇರ್ ಬದಲಿಸಲು ಹೋಗಿ ಅದು ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡಿತು ಅನ್ನಿ. ಬ್ರೇಕಿಗೂ ಚಕ್ರಕ್ಕೂ ಸಂಬಂಧ ಕಡಿಯಿತು. ಇಂಜಿನ್ ಹಿಡಿತ ಇಲ್ಲ, ರಿವರ್ಸ್ ಪೆಡಲ್ ಒತ್ತಿದರೂ ಪ್ರಯೋಜನ ಇಲ್ಲ. ಉಳಿಯುವುದು ಹಿಂದಿನ ಚಕ್ರಗಳ ಸಣ್ಣ ಕೈಬ್ರೇಕ್ ಮಾತ್ರ, ಅದು ನಿಂತ ಕಾರನ್ನು ಹಿಡಿದಿಡಲು ಮಾಡಿದ್ದು. ಅದರ ಮೇಲೆ ನಿಮ್ಮ ಹೊಸ ಬಾಡಿ ಗಾಳಿಯ ತಡೆಯನ್ನೂ ಕಮ್ಮಿ ಮಾಡಿದೆ, ಕಾರು ಇನ್ನೂ ಬೇಗ ಓಡುತ್ತದೆ.

ಆದ್ದರಿಂದ ಚಕ್ರಗಳಲ್ಲೇ ಕೆಲಸ ಮಾಡುವ ಬ್ರೇಕುಗಳನ್ನು ಮೊದಲು ಹಾಕಿ. ಅವು ಸರಿಯಾಗಿವೆ ಅಂತ ಖಚಿತವಾದ ಮೇಲೆ ಎರಡನೇ ಬಾಕ್ಸ್. ಬಾಡಿ ಕೊನೆಗೆ. ಈ ಕ್ರಮ ಬದಲಿಸಬೇಡಿ.

ಪ್ರಶ್ನೆ: ಹೊಸ ಬಾಡಿ ಹಾಕಿದ ಮೇಲೆ ಪಕ್ಕದ ಗಾಳಿಗೆ ಕಾರು ಅಲೆದಾಡುತ್ತದೆ. ಮೊದಲು ಹೀಗಿರಲಿಲ್ಲ.

ಉತ್ತರ: ಹೌದು, ದುಂಡು ಮೂತಿ, ಸಣ್ಣ ಬಾಲದ ಆಕಾರಕ್ಕೆ ಇದು ಇದ್ದದ್ದೇ. ಪಕ್ಕದ ಗಾಳಿ ನೂಕುವ ಬಿಂದು ಮುಂದಕ್ಕೆ ಸರಿದು, ಕಾರಿನ ಮೂತಿಯನ್ನು ರಸ್ತೆಯಿಂದಾಚೆ ತಿರುಗಿಸಲು ನೋಡುತ್ತದೆ. ಬಾಣದ ಹಿಂದೆ ಗರಿ ಯಾಕೆ ಇರುತ್ತದೆ ಹೇಳಿ? ಬಾಲದ ಮೇಲೆ ನೆಟ್ಟಗೆ ನಿಲ್ಲುವ ರೆಕ್ಕೆ ಕೊಟ್ಟರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ಅದಕ್ಕೂ ಮೊದಲು ಸ್ಟೀರಿಂಗ್ ಸಡಿಲ ಎಷ್ಟಿದೆ ನೋಡಿ. ಸ್ಪೇರ್ ಚಕ್ರ, ಪೆಟ್ರೋಲ್ ಟ್ಯಾಂಕುಗಳನ್ನು ಬಾಲದ ತುದಿಗೆ ಸರಿಸಿದ್ದರೆ ವಾಪಸ್ ಮುಂದಕ್ಕೆ ತನ್ನಿ. ತೂಕ ಹಿಂದೆ ಜೋತುಬಿದ್ದಿದ್ದರೆ ರೆಕ್ಕೆಯಿಂದ ಏನೂ ಆಗದು.

ಪ್ರಶ್ನೆ: ಮೂಲ ಬಾಡಿ ಪೂರ್ತಿ ಚೆನ್ನಾಗಿರುವ 1920ರ ದಶಕದ ಕಾರು ಸಿಕ್ಕಿದೆ. ಅದನ್ನು ಕತ್ತರಿಸಿ ಸ್ಪೆಷಲ್ (ಹಳೆ ಚಾಸಿಯ ಮೇಲೆ ಕೈಯಾರೆ ಕಟ್ಟಿದ ಕಾರು) ಮಾಡುವುದು ತಪ್ಪೇ?

ಉತ್ತರ: ನನ್ನ ಮಟ್ಟಿಗೆ ತಪ್ಪು. ಮನೆಯಲ್ಲಿ ಸ್ಪೆಷಲ್ ಕಟ್ಟುವುದಕ್ಕೆ ದೊಡ್ಡ ಪರಂಪರೆ ಇದೆ, ಅದರ ಮೇಲೆ ನನಗೆ ತುಂಬಾ ಗೌರವ. ಲೋಟಸ್ ಕಾರು ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಅವರ ಮೊದಲ ಕಾರು 1948ರಲ್ಲಿ ಹಳೆ ಆಸ್ಟಿನ್ ಸೆವೆನ್ ಮೇಲೆ ಹುಟ್ಟಿತು. ಮಿನಿ ಕಾರಿನ ವಿನ್ಯಾಸಕಾರ ಅಲೆಕ್ ಇಸ್ಸಿಗೊನಿಸ್ 1930ರ ದಶಕದಲ್ಲಿ ಗೆಳೆಯನ ಜೊತೆ ಸೇರಿ ಕೈಯಾರೆ 'ಲೈಟ್‌ವೆಯ್ಟ್ ಸ್ಪೆಷಲ್' ಕಟ್ಟಿದರು, ಪ್ಲೈವುಡ್ಡಿನ ಮೇಲೆ ಅಲ್ಯೂಮಿನಿಯಂ ಅಂಟಿಸಿ. ರೇಸ್ ಚಾಲಕ ಬ್ರೂಸ್ ಮ್ಯಾಕ್‌ಲಾರೆನ್ ಹುಡುಗನಾಗಿದ್ದಾಗ ರೇಸ್ ಕಲಿತದ್ದೂ ಆಸ್ಟಿನ್ ಸೆವೆನ್‌ನಲ್ಲೇ. ಆದರೆ ಆಗ ಅವು ಯಾರಿಗೂ ಬೇಡವಾದ ಹಳೆ ಸಣ್ಣ ಕಾರುಗಳು. ಈಗ ಮೂಲ ಬಾಡಿ ಉಳಿದಿರುವ ಕಾರೇ ಅಪರೂಪ. ಬಾಡಿ ಕಳೆದುಕೊಂಡ ಬರೀ ಚಾಸಿ ಹುಡುಕಿ, ಅದರ ಮೇಲೆ ಮನಸ್ಸು ಬಂದ ಹಾಗೆ ಕಟ್ಟಿ. ನಿಮ್ಮ ಕಾರನ್ನೇ ಬಳಸಲೇಬೇಕು ಅಂದರೆ ಒಂದು ತೂತನ್ನೂ ಹೊಸದಾಗಿ ಕೊರೆಯದೆ, ಇರುವ ಬೋಲ್ಟ್ ಜಾಗಗಳಲ್ಲೇ ಹೊಸ ಬಾಡಿ ಕೂರಿಸಿ. ಬಿಚ್ಚಿದ ಪ್ರತಿ ತುಂಡನ್ನೂ, ಹಳೆ ಗೇರ್‌ಬಾಕ್ಸ್ ಸಮೇತ, ಚೀಟಿ ಕಟ್ಟಿ ಒಣ ಜಾಗದಲ್ಲಿಡಿ.

ಪ್ರಶ್ನೆ: ಗಾಳಿ ಸುರಂಗ ನಮ್ಮಂಥವರಿಗೆ ಎಟುಕುವುದಿಲ್ಲ. ಕಟ್ಟಿದ ಬಾಡಿಯಿಂದ ನಿಜವಾಗಿ ಲಾಭ ಆಯಿತೇ ಅಂತ ತಿಳಿಯುವುದು ಹೇಗೆ?

ಉತ್ತರ: ಉಣ್ಣೆ ದಾರ ಮತ್ತು ಗಡಿಯಾರ, ಇವೆರಡೇ ಸಾಕು.

ಒಂದು ಗೇಣು ಉದ್ದದ ಉಣ್ಣೆ ದಾರಗಳನ್ನು ಬಾಡಿಯ ಮೇಲೆಲ್ಲ ಸಾಲಾಗಿ ಟೇಪಿನಿಂದ ಅಂಟಿಸಿ. ಖಾಲಿ, ಖಾಸಗಿ ಜಾಗದಲ್ಲಿ ಕಾರು ಓಡಿಸಿ, ಪಕ್ಕದಲ್ಲಿ ಇನ್ನೊಂದು ಕಾರಿನಿಂದ ಒಬ್ಬರು ವಿಡಿಯೋ ತೆಗೆಯಲಿ. ದಾರ ಬಾಡಿಗೆ ಅಂಟಿಕೊಂಡು ನೇರ ಹಿಂದಕ್ಕೆ ಹರಿದರೆ ಗಾಳಿ ಅಲ್ಲಿ ಚೆನ್ನಾಗಿದೆ. ಎಲ್ಲಿ ದಾರ ಎದ್ದು ಕುಣಿಯುತ್ತದೋ, ಮುಂದಕ್ಕೆ ತಿರುಗುತ್ತದೋ, ಅಲ್ಲಿ ಗಾಳಿ ಕಳಚಿಕೊಂಡಿದೆ. ಬಾಲವನ್ನು ಎಲ್ಲಿ ಕತ್ತರಿಸಬೇಕು ಅಂತ ಆ ದಾರಗಳೇ ಹೇಳುತ್ತವೆ.

ಎರಡನೆಯದು ನ್ಯೂಟ್ರಲ್ ಪರೀಕ್ಷೆ. ಗಾಳಿ ಇಲ್ಲದ ದಿನ, ಸಮತಟ್ಟು ಜಾಗದಲ್ಲಿ 80 ದಾಟಿಸಿ ನ್ಯೂಟ್ರಲ್ ಮಾಡಿ, 80ರಿಂದ 60ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಅಂತ ನೋಡಿ. ಎರಡೂ ದಿಕ್ಕಿನಲ್ಲಿ ಮಾಡಿ ಸರಾಸರಿ ತೆಗೆಯಿರಿ. ಮೊದಲ ಪ್ರಶ್ನೆಯ ಅಂಕಿಗಳಿಗೆ, 600 ಕಿಲೋ ತೂಕದ ಕಾರಿಗೆ, ಹಳೆ ಬಾಡಿಯಲ್ಲಿ ಸುಮಾರು 8 ಸೆಕೆಂಡ್, ಹೊಸದರಲ್ಲಿ 13 ಬರಬೇಕು. ಆ ಐದು ಸೆಕೆಂಡ್ ವ್ಯತ್ಯಾಸ ನಿಮ್ಮ ಬ್ರೇಕಿನ ಮೇಲೂ ಬೀಳುತ್ತದೆ ಅನ್ನುವುದು ನೆನಪಿರಲಿ. ಮೊದಲು ಕಾಲು ತೆಗೆದರೆ ಸಾಕಿತ್ತು, ಈಗ ಬ್ರೇಕ್ ಒತ್ತಲೇಬೇಕು. 100ರಲ್ಲಿ ಬ್ರೇಕು ನುಂಗಬೇಕಾದ ಶಕ್ತಿ 80ರಲ್ಲಿದ್ದ ಒಂದೂವರೆ ಪಟ್ಟಿಗಿಂತ ಜಾಸ್ತಿ.

ಇನ್ನೊಂದೇ ಮಾತು. ಈ ನ್ಯೂಟ್ರಲ್ ಪರೀಕ್ಷೆಯನ್ನು ಹಳೆ ಬಾಡಿ ಬಿಚ್ಚುವ ಮೊದಲೇ ಒಂದು ಸಲ ಮಾಡಿ, ಅಂಕಿ ಬರೆದಿಡಿ. ಬಿಚ್ಚಿದ ಮೇಲೆ ಹೋಲಿಸಿ ನೋಡಲು ಏನೂ ಉಳಿದಿರುವುದಿಲ್ಲ.